ಹನೂರಿನ ಹತ್ತನೇ ಹೆಬ್ಬೆಟ್ಟು

ನಾನು ಎರಡು ಸಲ ರಿಟೈರ್ ಆದವಳು. ಮೊದಲನೆಯದು ಕೊಳ್ಳೇಗಾಲದ ರೇಷ್ಮೆ ಕಚೇರಿಯ ಸ್ಟೆನೋ ಕೆಲಸದಿಂದ. ಆಗ ಹಾರ, ಶಾಲು, ಗೋಡೆ ಗಡಿಯಾರ ಸಿಕ್ಕವು. ಎರಡನೆಯದು ಹೋದ ವರ್ಷ, ನಡುದಾರಿ ಪಕ್ಷದ ಆಫೀಸ್ ಸೆಕ್ರೆಟರಿ ಕೆಲಸದಿಂದ. ಆಗ ಸಿಕ್ಕಿದ್ದು ಒಂದು ಲಟ್ಟಣಿಗೆ. ಗಡಿಯಾರ ಇನ್ನೂ ಗೋಡೆಯ ಮೇಲಿದೆ, ನಿಂತುಹೋಗಿದೆ. ಲಟ್ಟಣಿಗೆ ನನ್ನ ಹತ್ತಿರ ಇಲ್ಲ, ಆದರೆ ಅದು ಕೆಲಸ ಮಾಡುತ್ತಿದೆ. ಅದು ಎಲ್ಲಿದೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ.

ಈಗ ನನ್ನ ಕುರ್ಚಿಯಲ್ಲಿ ಕೂರುವ ಶ್ವೇತಾ ಎಂಬ ಹುಡುಗಿ ಮೊದಲ ದಿನವೇ ಕೇಳಿದಳು, "ಆಂಟಿ, ಪಾರ್ಟಿ ಆಫೀಸಲ್ಲಿ ಎಕ್ಸಾಕ್ಟ್ಲಿ ಏನು ಕೆಲಸ?" ಭಾಷಣ, ಬಾವುಟ, ಮೆರವಣಿಗೆ ಎಲ್ಲರಿಗೂ ಕಾಣಿಸುತ್ತವೆ. ಅವುಗಳ ಹಿಂದೆ ಒಂದು ಟೇಬಲ್ಲು, ಒಂದು ಸ್ಟೇಪ್ಲರ್ರು, ಮತದಾರರ ಪಟ್ಟಿಯ ಕಟ್ಟುಗಳು ಇರುತ್ತವೆ. ನನ್ನ ಕೆಲಸ ಇದ್ದದ್ದು ಅಲ್ಲಿ. ಶ್ವೇತಾಳಂಥವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಪಕ್ಷ ಕಟ್ಟಿದವರು ಸೈನ್ಯದ ಮುಖ್ಯಸ್ಥರಾಗಿದ್ದು ನಿವೃತ್ತರಾದ ಜನರಲ್ ಸಾಹೇಬರು. ದೇಶದಲ್ಲಿ ಒಂದು ಕಡೆಯವರು ಇನ್ನೊಂದು ಕಡೆಯವರ ಮುಖ ನೋಡದ ಹಾಗಾಗಿದೆ, ಇಬ್ಬರೂ ಬಂದು ಕೂರಬಹುದಾದ ಒಂದು ನಡುಮನೆ ಬೇಕು ಎನ್ನುವುದು ಅವರ ವಿಚಾರ. ಅವರಿಗೆ ಇಂಗ್ಲಿಷ್, ಹಿಂದಿ ಬರುತ್ತಿತ್ತು. ಕನ್ನಡದಲ್ಲಿ ನಮಸ್ಕಾರ, ಊಟ ಆಯಿತಾ, ಇಷ್ಟೇ. ಆದ್ದರಿಂದ ಕೊಳ್ಳೇಗಾಲ, ಹನೂರು, ಯಳಂದೂರು ಮೂರು ತಾಲ್ಲೂಕಿಗೂ ಸೇರಿ ಇಂಗ್ಲಿಷ್ ಕೇಳಿಸಿಕೊಂಡು ಕನ್ನಡ ಬರೆಯಬಲ್ಲ ಒಬ್ಬರು ಬೇಕಾಗಿದ್ದರು.

ಇಂಟರ್‌ವ್ಯೂ ಮಾಡಿದವರು ನಮ್ಮ ಭಾಗದ ಉಸ್ತುವಾರಿ ಹೊತ್ತಿದ್ದ ಕರ್ನಲ್ ಸಾಹೇಬರು. ಇಸ್ತ್ರಿ ಮಾಡಿದ ಕರವಸ್ತ್ರದಂಥ ಮನುಷ್ಯ. ಕೊಳ್ಳೇಗಾಲದಲ್ಲಿ ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಕುರ್ಚಿ ಇತ್ತು. ಅದನ್ನು ನನಗೆ ಕೊಟ್ಟು ಅವರು ನಿಂತೇ ಕೇಳಿದರು.

"ಮೇಡಂ, ಪೊಲಿಟಿಕಲ್ ಎಕ್ಸ್‌ಪೀರಿಯೆನ್ಸ್ ಏನಾದರೂ ಇದೆಯೇ?"

"ಹನ್ನೊಂದು ವರ್ಷ ಕಾನ್ವೆಂಟ್ ಹಾಸ್ಟೆಲಿನಲ್ಲಿದ್ದೆ ಸರ್," ಎಂದೆ.

ಅವರು ನಗದೆ "ಸೆಲೆಕ್ಟೆಡ್" ಎಂದು ಬರೆದುಕೊಂಡರು.

ಪಕ್ಷದ ಮೊದಲ ಸಭೆ ಯಳಂದೂರಿನಲ್ಲಿ. ಕರಪತ್ರದಲ್ಲಿ ನಾಲ್ಕು ಗಂಟೆ ಎಂದು ಅಚ್ಚಾಗಿತ್ತು. ನಾಲ್ಕು ಎಂದರೆ ನಮ್ಮ ಕಡೆ ಐದೂವರೆ ಎನ್ನುವುದನ್ನು ನಾನು ಹೇಳಬೇಕಿತ್ತು, ಹೇಳಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ಪಂಕ್ಚುಯಾಲಿಟಿ ನನಗೂ ಸ್ವಲ್ಪ ಅಂಟಿತ್ತು. ಜನರಲ್ ಸಾಹೇಬರು ನಾಲ್ಕಕ್ಕೆ ಎದ್ದು, ಖಾಲಿ ಕುರ್ಚಿಗಳನ್ನು ಉದ್ದೇಶಿಸಿ ಹತ್ತು ನಿಮಿಷ ಮಾತಾಡಿ, ನಾಲ್ಕು ಹತ್ತಕ್ಕೆ ಕೂತರು. ನಾನು ಪಕ್ಕದಲ್ಲಿ ನಿಂತು ಅಷ್ಟನ್ನೂ ಕನ್ನಡಕ್ಕೆ ಇಳಿಸಿದೆ. ಕೇಳಿಸಿಕೊಂಡವರು ಮೈಕ್‌ಸೆಟ್ಟಿನವನು ಮತ್ತು ಎರಡು ಮೇಕೆ.

ಐದೂವರೆಗೆ ಜನ ಬಂದರು. ಭಾಷಣ ಮುಗಿಯಿತು ಎಂದು ತಿಳಿದು ತಮಗೇನೋ ಮೋಸವಾದ ಹಾಗೆ ನಿಂತರು. ಸಾಹೇಬರು ವೇದಿಕೆಯಿಂದ ಇಳಿದು ಬಂದು, ಪ್ಲಾಸ್ಟಿಕ್ ಕುರ್ಚಿಗಳನ್ನು ತಾವೇ ಎಳೆದು ಸುತ್ತ ಹಾಕಿ, ನಡುವೆ ಕೂತರು. "ನಾವು ಮಧ್ಯಮ ಮಾರ್ಗದವರು, ಯಾರನ್ನೂ ಬೈಯಲು ಬಂದಿಲ್ಲ," ಎನ್ನುವ ಅವರ ಮಾತನ್ನು ನಾನು ಹೇಳಿದೆ. ಎದುರಿಗೆ ಕೂತ ಮುದುಕರೊಬ್ಬರು ಟವಲು ಕೊಡವಿದರು.

"ಯಾರ್ನೂ ಬಯ್ಯಲ್ವಾ? ಬಯ್ಯದಿದ್ಮೇಲೆ ಬಾಸಣ ಯಾಕಮ್ಮ ಕೇಳಾವ?"

ನಾನು ಇದ್ದ ಹಾಗೇ ಇಂಗ್ಲಿಷಿಗೆ ಮಾಡಿದೆ. ಜನರಲ್ ಸಾಹೇಬರು ಬಹಳ ಸೀರಿಯಸ್ಸಾಗಿ, ಯಾರನ್ನು ಬೈಯಬೇಕೋ ಕೇಳಿ ಎಂದರು.

"ಬಸ್ಸಿನೋರ್ನ ಬಯ್ಯಿ ಸಾ. ಕೈ ಅಡ್ಡ ಆಕುದ್ರೂ ನಿಲ್ಸಕಿಲ್ಲ."

ಅವತ್ತಿನ ನಮ್ಮ ಒಂದೇ ನಿರ್ಣಯ ಬಸ್ ನಿಲುಗಡೆಯ ಅರ್ಜಿ. ಅಂದಿನಿಂದ ವೇದಿಕೆ ಹೋಯಿತು, ಕುರ್ಚಿಯ ಸುತ್ತು ಬಂತು. ಎಲ್ಲಿ ಹೋದರೂ ಅದೇ ನಮ್ಮ ಮೆಥಡ್ ಆಯಿತು. ಹೊಸಬರು ಇದನ್ನು ಸ್ಟ್ರಾಟೆಜಿ ಎಂದು ಕರೆಯುತ್ತಾರೆ. ಹುಟ್ಟಿದ್ದು ಮಾತ್ರ ಒಂದೂವರೆ ಗಂಟೆ ತಡವಾಗಿ ಬಂದವರಿಂದ.

ಇನ್ನು ಚುನಾವಣೆಯ ಗುರುತು. ಹೊಸ ಪಕ್ಷಕ್ಕೆ ಬೇಕಾದ ಗುರುತು ಸಿಗುವುದಿಲ್ಲ, ಪಟ್ಟಿಯಲ್ಲಿ ಉಳಿದದ್ದರಲ್ಲಿ ಆರಿಸಬೇಕು. ದೂರದ ಯಾವುದೋ ನಗರದಲ್ಲಿ ಕೂತ ನಮ್ಮ ಹಿರಿಯರು ಲಟ್ಟಣಿಗೆ ಆರಿಸಿದರು. ಮನೆಮನೆಯ ವಸ್ತು ಎನ್ನುವುದು ಅವರ ಲೆಕ್ಕ. ಹನೂರಿನ ಕಡೆ ಮನೆಮನೆಯ ವಸ್ತು ಮುದ್ದೆ ಕೋಲು. ನಾನು ಮಂಗಳವಾರ, ಶುಕ್ರವಾರ ಬಸ್ಸಿನಲ್ಲಿ ಹನೂರಿಗೆ ಹೋಗಿ ಅಲ್ಲಿನ ನಮ್ಮ ಒಂದು ರೂಮಿನ ಆಫೀಸು ತೆರೆಯುತ್ತಿದ್ದೆ. ಲಟ್ಟಣಿಗೆಯ ಬೋರ್ಡು ತೂಗುಹಾಕಿದ ದಿನವೇ ಎದುರು ಹೋಟೆಲಿನ ಸಿದ್ದಮ್ಮ ಬಾಗಿಲಿಗೆ ಬಂದು ನಿಂತಳು.

ಸಿದ್ದಮ್ಮನನ್ನು ಪರಿಚಯಿಸಬೇಕು. ಅರವತ್ತು ದಾಟಿದ ಗಟ್ಟಿ ಹೆಂಗಸು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಉಪ್ಸಾರು, ಜೊತೆಗೆ ಕಾಫಿ, ಇಷ್ಟೇ ಅವಳ ಹೋಟೆಲಿನ ಮೆನು. ಒಲೆಯ ಹಿಂದಿನ ಗೋಡೆಯಲ್ಲಿ ಇನ್ನೊಂದು ಪಕ್ಷದ ಬಾವುಟ ಹೊಗೆ ಹಿಡಿದು ನೇತಾಡುತ್ತಿತ್ತು. ಅವಳು ಆ ಪಕ್ಷಕ್ಕೆ ಹುಟ್ಟಿದಾಗಿನಿಂದ ಇದ್ದವಳ ಹಾಗೆ ಮಾತಾಡುತ್ತಿದ್ದಳು.

"ಏನವ್ವಾ ಇಂಗ್ಲೀಸಮ್ಮ, ಇದ್ಯಾವ್ ಸೀಮೆ ದೊಣ್ಣೆ?"

"ಲಟ್ಟಣಿಗೆ ಕಣಮ್ಮ. ಚಪಾತಿ ಮಾಡೋದು."

"ಚಪಾತಿಯಾ? ನಮ್ಮೋರು ಜ್ವರ ಬಂದ್ರೆ ತಿಂತಾರೆ ಅಷ್ಟೇಯ. ನಿಮ್ ಪಾರ್ಟಿಗೆ ಓಟು ಬೇಕಂದ್ರೆ ಊರ್ಗೆಲ್ಲಾ ಜ್ವರ ಬರ್ಬೇಕು."

ಅಂದಿನಿಂದ ಮಂಗಳವಾರ ಒಂದು ಮಾತು, ಶುಕ್ರವಾರ ಒಂದು ಮಾತು. ನಾನು ಅವಳ ಹೋಟೆಲಿನಲ್ಲೇ ಕಾಫಿ ಕುಡಿಯುತ್ತಿದ್ದೆ. ಅವಳ ಬಾಯಿ ಜೋರು, ಆದರೆ ಕಾಫಿ ಮಾತ್ರ ಫಸ್ಟ್ ಕ್ಲಾಸ್.

ವಿಧಾನಸಭೆ ಚುನಾವಣೆ ಬಂತು. ಹನೂರು ಕ್ಷೇತ್ರಕ್ಕೆ ನಮ್ಮ ಅಭ್ಯರ್ಥಿ ಮಾರ್ಟಳ್ಳಿಯ ಅರುಳಪ್ಪ, ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಇಡೀ ಒಂದು ವರ್ಷ ಆತ ಹಳ್ಳಿಯಿಂದ ಹಳ್ಳಿಗೆ ನಡೆದೇ ಹೋಗಿದ್ದರು. ಮೆಟ್ಟಿನ ಅಡಿ ಸವೆದು ಕಾರ್ಡ್‌ಬೋರ್ಡ್ ಇಟ್ಟುಕೊಂಡು ನಡೆಯುವುದನ್ನು ನಾನೇ ಕಂಡಿದ್ದೇನೆ. ಒಂದು ಸಲ ಕೇಳಿದೆ, "ಗೆಲ್ತೀವಿ ಅಂತ ಅನ್ಸುತ್ತಾ ಅರುಳಪ್ಪ?"

"ಗೆಲ್ಲೋದು ಬಿಡಿ ಮೇಡಂ. ನಮ್ಮೂರ್ನೋನು ಒಬ್ಬುಂದು ಫೋಟೋ ಓಟಿನ್ ಮಿಷನ್ ಮೇಲೆ ಬರ್ಲಿ ಅಂತ ಊರೆಲ್ಲಾ ಕಾಯ್ತಾ ಕೂತವ್ರೆ. ಅದೊಂದು ಆಗ್ಬುಟ್ರೆ ಸಾಕು."

ಆ ಫೋಟೋ ಮೆಷಿನ್ನಿಗೆ ತಲುಪುವಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ದೊಡ್ಡ ಮಾನ್ಯತೆ ಪಡೆದ ಪಕ್ಷಗಳ ನಾಮಪತ್ರಕ್ಕೆ ಒಬ್ಬ ಸೂಚಕರಿದ್ದರೆ ಸಾಕು. ನಮ್ಮಂಥ ಹೊಸಬರಿಗೆ ಆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಮಾಡಬೇಕು. ಸೂಚಕರಲ್ಲಿ ನೆಂಟರಿರಬಾರದು, ಹತ್ತು ಜನ ಹತ್ತು ಊರಿನವರಿರಲಿ, ಇದುವರೆಗೆ ಯಾರೂ ಸಹಿ ಕೇಳದವರೂ ಇರಲಿ ಎಂದು ಜನರಲ್ ಸಾಹೇಬರ ಆರ್ಡರ್. ನನಗೆ ಅದು ತುಂಬಾ ಇಷ್ಟವಾಯಿತು. ಒಂಬತ್ತು ಸಹಿ ಆಯಿತು. ಹತ್ತನೆಯದಕ್ಕೆ ಕೌದಳ್ಳಿ ಹತ್ತಿರದ ಪುಟ್ಟಮಾದಮ್ಮ ಎಂಬ ಕೂಲಿ ಹೆಂಗಸಿನ ಮನೆಗೆ ಇಂಕ್ ಪ್ಯಾಡ್ ಹಿಡಿದು ನಾನೇ ಹೋದೆ. ಆಕೆಗೆ ಸಹಿ ಬಾರದು. ಹೆಬ್ಬೆಟ್ಟು ಒತ್ತಿಸಿಕೊಂಡು, ಆರಿಸಿ, ಅದರ ಮೇಲೆ ಟಿಶ್ಯೂ ಪೇಪರ್ ಇಟ್ಟು ಫೈಲಿಗೆ ಸೇರಿಸಿದೆ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ನೋಡಿದ್ದರೆ ನೀಟ್‌ನೆಸ್ಸಿಗೆ ಗುಡ್ ಕೊಡುತ್ತಿದ್ದರು.

ಕೊನೆಯ ದಿನವೇ ಸಲ್ಲಿಸುವುದೆಂದು ಗೊತ್ತುಮಾಡಿದವಳೂ ನಾನೇ. ಆ ದಿನ ಜನರಲ್ ಸಾಹೇಬರಿಗೆ ಬಿಡುವಿತ್ತು. ನನ್ನ ಟೇಬಲ್ ಮೇಲಿದ್ದದ್ದು ಇಂಗ್ಲಿಷ್ ಡೈರಿ. ಅದರಲ್ಲಿ ಆ ತಾರೀಖು ಬಿಳಿಯಾಗಿ, ಖಾಲಿಯಾಗಿ ಕಂಡಿತ್ತು.

ಹನೂರಿನಲ್ಲಿ ಬಸ್ಸಿಳಿದಾಗಲೇ ಏನೋ ತಪ್ಪಾಗಿದೆ ಎನಿಸಿತು. ರಸ್ತೆ ತುಂಬ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸು, ವ್ಯಾನು, ಟ್ರ್ಯಾಕ್ಟರು. ಟಾಪಿನ ಮೇಲೂ ಜನ. ಪ್ರತಿ ಕಿಟಕಿಯಿಂದ ಮಾದಪ್ಪನಿಗೆ ಜೈಕಾರ. ಸಿದ್ದಮ್ಮ ಇಡ್ಲಿ ಪಾತ್ರೆ ಇಳಿಸುತ್ತ ಹೇಳಿದಳು, "ಅಮಾಸೆ ಕಣವ್ವ ಇವತ್ತು. ಅದೂ ಗೊತ್ತಿಲ್ವಾ ನಿಂಗೆ?"

ಕೊಳ್ಳೇಗಾಲದಲ್ಲಿ ಹುಟ್ಟಿ ಅಲ್ಲೇ ರಿಟೈರ್ ಆದವಳು ನಾನು. ಅಮಾವಾಸ್ಯೆಯ ದಿನ ಈ ಸೀಮೆಯವರು ಮಾದಪ್ಪನ ಬೆಟ್ಟದಲ್ಲಿರುತ್ತಾರೆ ಎನ್ನುವುದು ಇಲ್ಲಿ ಎಳೆ ಮಗುವಿಗೂ ಗೊತ್ತು. ನನ್ನ ಡೈರಿಗೆ ಗೊತ್ತಿರಲಿಲ್ಲ.

ಆದರೂ ಒಂಬತ್ತು ಸೂಚಕರು ಬಂದಿದ್ದರು. ಹತ್ತನೆಯವರು ಬರಬೇಕಾಗಿಲ್ಲ, ಹೆಬ್ಬೆಟ್ಟು ನನ್ನ ಫೈಲಿನಲ್ಲಿದೆ ಎಂಬ ಧೈರ್ಯದಿಂದ ತಾಲ್ಲೂಕು ಕಚೇರಿಯ ಒಳಗೆ ಹೋದೆವು. ಚುನಾವಣಾಧಿಕಾರಿ ಚಿಕ್ಕ ವಯಸ್ಸಿನವರು, ಸೌಮ್ಯವಾಗಿ ಮಾತಾಡುವವರು. ಸಾಲುಸಾಲಾಗಿ ನೋಡುತ್ತ ಬಂದು ನನ್ನ ಟಿಶ್ಯೂ ಪೇಪರ್ ಎತ್ತಿದರು.

"ಮೇಡಂ, ಇದನ್ನ ಎಲ್ಲಿ ಹಾಕಿಸಿದ್ರಿ?"

"ಅವರ ಮನೆಯಲ್ಲೇ ಸರ್. ನಾನೇ ಹೋಗಿದ್ದೆ."

"ಸಹಿಯಾದ್ರೆ ಎಲ್ಲಿ ಬೇಕಾದ್ರೂ ಮಾಡಬಹುದು. ಹೆಬ್ಬೆಟ್ಟಾದ್ರೆ ನನ್ನ ಎದುರಿಗೆ ಒತ್ತಬೇಕು. ಅವರನ್ನ ಕರೆಸಿ. ಇಲ್ಲ ಬೇರೆ ಸೂಚಕರನ್ನ ಸೇರಿಸಿ ಇನ್ನೊಂದು ಫಾರಂ ತುಂಬಿ. ಮೂರು ಗಂಟೆಯವರೆಗೆ ಸಮಯ ಇದೆ."

ಅದು ಸೂಚನೆಗಳ ಪುಸ್ತಕದಲ್ಲಿ ಅಚ್ಚಾಗಿದೆ. ನಾನು ಆ ಪುಟ ಓದಿರಲಿಲ್ಲ. ಹೆಬ್ಬೆಟ್ಟಿನವರು ಯಾರಾದರೂ ನಮ್ಮ ನಾಮಪತ್ರದಲ್ಲಿ ಇರಬಹುದು ಎನ್ನುವುದು ಇಂಗ್ಲಿಷ್ ಓದಿದ ನನ್ನ ತಲೆಗೆ ಬಂದಿರಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೂ ಪುಸ್ತಕ ತಿರುವಿ ನೋಡಲಿಲ್ಲ.

ಹೊರಗೆ ಹೊಂಗೆ ಮರದ ಕೆಳಗೆ ಕರ್ನಲ್ ಸಾಹೇಬರು ನಿಂತಿದ್ದರು, ಜನರಲ್ ಸಾಹೇಬರು ಕಲ್ಲಿನ ಮೇಲೆ ಕೂತಿದ್ದರು. ತಪ್ಪು ನನ್ನದು ಎಂದು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ಆ ಹೆಂಗಸು ಈಗ ಎಲ್ಲಿದ್ದಾರೆ? ಆಕೆಗೆ ಫೋನು ಮಾಡಿದರೆ ಸಿಗ್ನಲ್ ಇಲ್ಲ. ಬೆಳಿಗ್ಗೆಯೇ ಬೆಟ್ಟಕ್ಕೆ ಹೊರಟಳು, ಬುಡದ ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹತ್ತಿಕೊಂಡು ಹೋಗುತ್ತಾಳೆ ಎಂದು ರಸ್ತೆಯಲ್ಲಿ ಸಿಕ್ಕ ಅವಳೂರಿನವರು ಹೇಳಿದರು. ಅರುಳಪ್ಪ ಜೀಪು ತೆಗೆದುಕೊಂಡು ಅತ್ತ ಹೋದರು.

ನಾನು ಕೈಚೀಲದಿಂದ ಇನ್ನೊಂದು ಖಾಲಿ ಫಾರಂ ತೆಗೆದೆ. ಯಾವ ಕೆಲಸಕ್ಕೂ ಎರಡನೇ ಪ್ರತಿ ಇಲ್ಲದೆ ಹೋಗಬಾರದು ಎಂದು ಕರ್ನಲ್ ಸಾಹೇಬರು ದಿನಾ ಹೇಳಿ ನನ್ನ ಪ್ರಾಣ ಹಿಂಡುತ್ತಿದ್ದರು. ಅವತ್ತು ಮನಸ್ಸಿನಲ್ಲೇ ಕೈಮುಗಿದೆ. ಒಂಬತ್ತು ಜನ ಮರದ ಕೆಳಗೆ ಮತ್ತೆ ಸಹಿ ಮಾಡಿದರು. ಹತ್ತನೇ ಸಾಲು ಖಾಲಿ.

ಊರಿನವರೇ ಒಬ್ಬರು ಸಿಕ್ಕರೆ ಸಾಕು ಎಂದು ಅಂಗಡಿ ಅಂಗಡಿ ಹತ್ತಿದೆ. ಅರ್ಧಕ್ಕರ್ಧ ಬಾಗಿಲು ಹಾಕಿದ್ದವು. ತೆರೆದಿದ್ದವರು ಕಾಫಿ ಕೊಡುತ್ತೇವೆ ಎಂದರು, ಕೂತ್ಕೊಳ್ಳಿ ಎಂದರು, ಪೆನ್ನು ಮಾತ್ರ ಮುಟ್ಟಲಿಲ್ಲ. "ನಾಳೆ ಗೆದ್ದೋರು ನಮ್ಮೆಸ್ರು ನೋಡ್ತಾರೆ ಮೇಡಂ, ತಪ್ಪು ತಿಳ್ಕಬೇಡಿ." ಬಸ್ಸುಗಳಲ್ಲಿದ್ದ ಸಾವಿರಾರು ಜನ ಬೇರೆ ಬೇರೆ ಊರಿನವರು. ನನ್ನ ವೋಟು ಕೊಳ್ಳೇಗಾಲ ಕ್ಷೇತ್ರದಲ್ಲಿ, ನನ್ನ ಸಹಿ ಇಲ್ಲಿ ನಡೆಯದು. ಜನರಲ್ ಸಾಹೇಬರ ವೋಟು ಇನ್ನೂ ದೂರ. ದೇಶದ ಇಡೀ ಸೈನ್ಯ ನಡೆಸಿದ ಕೈ ಅದು. ಹನೂರಿನ ಆ ಖಾಲಿ ಸಾಲು ತುಂಬಲು ಆ ಕೈಗೂ ಅಧಿಕಾರ ಇರಲಿಲ್ಲ. ಈ ದೇಶದ ಬಗ್ಗೆ ನನಗೆ ಯಾವತ್ತಾದರೂ ಹೆಮ್ಮೆಯಾದದ್ದಿದ್ದರೆ, ವಿಚಿತ್ರವಾಗಿ, ಆ ಗಾಬರಿಯಲ್ಲಿ.

ಎರಡು ಗಂಟೆ ದಾಟಿತು. ಅರುಳಪ್ಪ ಒಬ್ಬರೇ ಬಂದರು. ಧೂಳಿನಲ್ಲಿ ಮುಖವೇ ಕಾಣುತ್ತಿರಲಿಲ್ಲ.

"ಸಿಕ್ಕುದ್ರು ಮೇಡಂ. ಅರ್ಧ ಬೆಟ್ಟ ಅತ್ತಿದ್ರು, ತಲೆ ಮೇಲೆ ಮಂಕ್ರಿ. 'ಮಾದಪ್ಪುನ್ ಮಕ ನೋಡ್ದೆ ಇಂದುಕ್ ತಿರ್ಗಾಕಿಲ್ಲ ಕಣಪ್ಪ, ಬೇಕಾದ್ರೆ ಆ ಆಪೀಸರ್ನೇ ಇಲ್ಲಿಗ್ ಕರ್ಕಂಬಾ' ಅಂದ್ರು. ನಾನೆಂಗೆ ಬಲವಂತ ಮಾಡ್ಲಿ?"

"ಮಾಡದೇ ಇದ್ದದ್ದು ಒಳ್ಳೇದಾಯ್ತು," ಎಂದೆ. ಒಂದು ವರ್ಷದ ಅವರ ನಡಿಗೆ ನನ್ನ ಟಿಶ್ಯೂ ಪೇಪರಿನ ಕೆಳಗೆ ಮುಗಿದುಹೋಗಿತ್ತು. ಆತ ಮೆಟ್ಟು ಕಳಚಿ, ಒಳಗಿನ ಕಾರ್ಡ್‌ಬೋರ್ಡ್ ಸರಿಮಾಡಿಕೊಂಡು, ಮತ್ತೆ ಹಾಕಿಕೊಂಡರು. ಅದನ್ನು ನೋಡಲಾಗದೆ ನಾನು ರಸ್ತೆ ದಾಟಿ ಸಿದ್ದಮ್ಮನ ಹೋಟೆಲಿಗೆ ಹೋಗಿ ಕೂತೆ.

ಅವಳು ಮುದ್ದೆ ತಿರುವುತ್ತಿದ್ದಳು. ಏನಾಯಿತೆಂದು ಕೇಳಿದಳು, ಹೇಳಿದೆ. ಅವಳು ಒಲೆ ಉರಿ ತಗ್ಗಿಸಿದಳು.

"ಅಂಗಾದ್ರೆ ಇವತ್ತು ಒಬ್ರು ಎಬ್ಬೆಟ್ಟು ಒತ್ನಿಲ್ಲ ಅಂದ್ರೆ ಆ ಮಾರ್ಟಳ್ಳಿಯೋನು ಎಲೆಕ್ಷನ್‌ಗೇ ನಿಂತ್ಕಳಂಗಿಲ್ವಾ?"

"ಇಲ್ಲ."

"ನಿಂತ್ಕಳ್ದೇ ಇದ್ರೆ ನಾವು ಅವ್ನ ಸೋಲ್ಸದೆಂಗೆ?"

ನನಗೆ ಅರ್ಥವಾಗಲಿಲ್ಲ. ಅವಳು ಕೈತೊಳೆದು, ಸೆರಗಿಗೆ ಒರೆಸಿಕೊಂಡು, ಗೋಡೆಯ ಬಾವುಟದ ಕಡೆ ಒಮ್ಮೆ ನೋಡಿದಳು.

"ವರ್ಸದಿಂದ ಬಿಸ್ಲಲ್ಲಿ ನಡೀತಾವ್ನೆ ಅವ್ನು. ನಮ್ಮೋರ ಕೈಲಿ ಓಟಲ್ಲಿ ಸೋಲ್ಲಿ ಬುಡು. ಕಾಗ್ದುದಲ್ ಸೋತ್ರೆ ನಮ್ಗೇನ್ ಮರ್ವಾದೆ? ಏಳವ್ವ, ನಂದ್ ಒತ್ತುತೀನಿ. ಓಟ್ ಮಾತ್ರ ಆಕಾಕಿಲ್ಲ, ಈಗ್ಲೇ ಯೋಳಿವ್ನಿ."

"ಸಿದ್ದಮ್ಮ, ನಿಮ್ಮ ಪಕ್ಷದವರು ಏನಂತಾರೆ?"

"ನಂಗ್ಯಾವನ್ ಯೋಳ್ತಾನೆ? ಎಲ್ರೂ ನನ್ ಕೈ ಮುದ್ದೆ ತಿಂದೋರೆಯ."

ಅವಳು ಯಾವ ಬೀದಿ, ಯಾವ ಮನೆ ಎಂದು ನನಗೆ ಗೊತ್ತಿತ್ತು. ಪಟ್ಟಿಯ ಕಟ್ಟು ಬಿಚ್ಚಿ ಅವಳ ಭಾಗಸಂಖ್ಯೆ, ಕ್ರಮಸಂಖ್ಯೆ ಹುಡುಕಿದೆ. ಸಿಕ್ಕಿತು. ಎರಡು ಸಲ ಓದಿ ಬರೆದೆ, ಮೂರನೇ ಸಲ ಕರ್ನಲ್ ಸಾಹೇಬರಿಂದ ಓದಿಸಿದೆ. ಅಧಿಕಾರಿಯ ಮುಂದೆ ಸಿದ್ದಮ್ಮ ಹೋಗಿ ನಿಂತಾಗ ಗೋಡೆ ಗಡಿಯಾರದಲ್ಲಿ ಎರಡು ನಲವತ್ತು.

"ಇದು ಏನು ಅಂತ ಗೊತ್ತಾ ಅಮ್ಮ? ಒಪ್ಪಿ ಹಾಕ್ತಿದ್ದೀರಾ?"

"ಗೊತ್ತು ಸಾ. ಇವ್ರು ಎಲೆಕ್ಷನ್‌ಗೆ ನಿಂತ್ಕಳಕೆ. ಗೆಲ್ಲಕಲ್ಲ."

ಅಧಿಕಾರಿ ತಲೆ ತಗ್ಗಿಸಿ ಫಾರಂ ಮೇಲೇ ಕಣ್ಣಿಟ್ಟರು. ಅವರ ಭುಜ ಅಲುಗುತ್ತಿತ್ತು. ಸಿದ್ದಮ್ಮ ಹೆಬ್ಬೆಟ್ಟು ಒತ್ತಿದಳು. ಉಗುರಿನ ಸಂದಿಯಲ್ಲಿ ಇನ್ನೂ ರಾಗಿ ಹಿಟ್ಟಿತ್ತು, ಅದರ ಒಂದು ಚುಕ್ಕೆ ಕಾಗದದ ಮೇಲೂ ಬಿತ್ತು. ನಾನು ಒರೆಸಲಿಲ್ಲ.

ಹೊರಗೆ ಬಂದಾಗ ಜನರಲ್ ಸಾಹೇಬರು ಎದ್ದು ನಿಂತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ, ಸೋಲಿಸುವ ಮಾತು ಕೂಡ. ಅವರು ಅಟೆನ್ಷನ್‌ನಲ್ಲಿ ನಿಂತು ಸಿದ್ದಮ್ಮನಿಗೆ ಪೂರ್ತಿ ಸೆಲ್ಯೂಟ್ ಹೊಡೆದರು. ಸಿದ್ದಮ್ಮ ನನ್ನ ಕಡೆ ತಿರುಗಿದಳು.

"ಏನವ್ವ ಇವ್ರು, ಬಿಸ್ಲಿಗೆ ಕೈ ಅಡ್ಡ ಇಟ್ಕತಾವ್ರಲ್ಲ. ಒಳೀಕ್ ಬರೇಳು, ಮುದ್ದೆ ಆರೋಯ್ತದೆ."

ಒಂಬತ್ತು ಸೂಚಕರು, ಅರುಳಪ್ಪ, ಕರ್ನಲ್, ಜನರಲ್, ನಾನು ಎಲ್ಲರೂ ಆ ಇನ್ನೊಂದು ಪಕ್ಷದ ಬಾವುಟದ ಕೆಳಗೆ ಕೂತು ಊಟ ಮಾಡಿದೆವು. ಸಾಹೇಬರು ಮುದ್ದೆಯನ್ನು ಅಗಿಯತೊಡಗಿದಾಗ ಸಿದ್ದಮ್ಮ, "ನುಂಗ್ಬೇಕು ಅಂತ ಯೋಳವ್ವ," ಎಂದಳು. ಟ್ರಾನ್ಸ್‌ಲೇಟ್ ಮಾಡಿದೆ. ನನ್ನ ಇಡೀ ಕೆಲಸದಲ್ಲಿ ಅಷ್ಟು ಬೇಗ ಜಾರಿಗೆ ಬಂದ ಆದೇಶ ಇನ್ನೊಂದಿಲ್ಲ. ನಡುಮನೆ ಎಂದು ಸಾಹೇಬರು ಮೂರು ತಾಲ್ಲೂಕಿನಲ್ಲಿ ಹೇಳುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡದ್ದು ಆ ಹೋಟೆಲಿನಲ್ಲಿ.

ನಾವು ಸೋತೆವು, ಚೆನ್ನಾಗಿಯೇ ಸೋತೆವು. ಆದರೆ ಮತದಾನದ ದಿನ ಮಾರ್ಟಳ್ಳಿಯಲ್ಲಿ ಜನ ಹಬ್ಬದ ಬಟ್ಟೆ ಹಾಕಿಕೊಂಡು ಬಂದಿದ್ದರು. ಮೆಷಿನ್ ಮೇಲೆ ಊರಿನವನ ಫೋಟೋ ನೋಡಿ ಬಂದವರು ಅರುಳಪ್ಪನ ಮೀಸೆ ಸರಿಯಾಗಿ ಬಂದಿದೆಯೋ ಇಲ್ಲವೋ ಎಂದು ಹೊರಗೆ ಸಂಜೆಯವರೆಗೆ ವಾದ ಮಾಡಿದರಂತೆ. ಆತ ಹೊಸ ಮೆಟ್ಟು ಹಾಕಿಕೊಂಡು ಆಫೀಸಿಗೆ ಬಂದು, "ಥ್ಯಾಂಕ್ಸ್ ಮೇಡಂ," ಎಂದರು. ಈಗಲೂ ನಡೆಯುತ್ತಲೇ ಇದ್ದಾರೆ.

ಎಣಿಕೆ ಮುಗಿದ ಮೇಲೆ ಬೂತ್‌ವಾರು ಪಟ್ಟಿ ಇಟ್ಟುಕೊಂಡು ಕೂತೆ. ಸಿದ್ದಮ್ಮನ ಬೀದಿಯ ಬೂತಿನಲ್ಲಿ ನಮ್ಮವರು ಅಂತ ಒಬ್ಬರೂ ಇರಲಿಲ್ಲ. ಅಲ್ಲಿ ಲಟ್ಟಣಿಗೆಯ ಎದುರಿಗೆ 'ಒಂದು' ಎಂದಿತ್ತು. ಶುಕ್ರವಾರ ಕಾಫಿ ಕುಡಿಯುತ್ತ ಕೇಳಿದೆ.

"ನಾನಲ್ಲ ಕಣವ್ವ," ಎಂದಳು ಒಲೆಯ ಕಡೆ ತಿರುಗಿ. "ಯಾವಳೋ ಕಣ್ಣು ಕಾಣ್ದೋಳು ಒತ್ತಿರ್ಬೇಕು."

ಶ್ವೇತಾ, ನಿನ್ನ ಫೋನಿನಲ್ಲಿ ಈಗ ಮತದಾರರ ಪಟ್ಟಿ ಚಿಟಿಕೆಯಲ್ಲಿ ಸಿಗುತ್ತದೆ, ಸಾಹೇಬರ ಇಂಗ್ಲಿಷನ್ನು ಮೆಷಿನ್ನೇ ಕನ್ನಡ ಮಾಡುತ್ತದೆ. ಒಳ್ಳೆಯದೇ, ನನ್ನ ಮಂಡಿಗಳಿಗಂತೂ ಅದು ಮೊದಲೇ ಬರಬೇಕಿತ್ತು. ಆದರೂ ಟೇಬಲ್ ಮೇಲೆ ಅಮಾವಾಸ್ಯೆ ತೋರಿಸುವ ಕ್ಯಾಲೆಂಡರ್ ಇಟ್ಟುಕೋ. ಎದುರು ಪಕ್ಷದವರ ಹೋಟೆಲಿನಲ್ಲೇ ಕಾಫಿ ಕುಡಿ.

ಎರಡನೇ ಸಲ ರಿಟೈರ್ ಆದ ದಿನ ಪಕ್ಷದವರು ಬೀಟೆ ಮರದ ಲಟ್ಟಣಿಗೆ ಕೊಟ್ಟರು. ಹನೂರಿನ ರೂಮಿಗೆ ಬೀಗ ಹಾಕಿ ಅದನ್ನು ಕಂಕುಳಲ್ಲಿಟ್ಟುಕೊಂಡು ಹೋಟೆಲಿಗೆ ಹೋದೆ. ಸಿದ್ದಮ್ಮ ಕೈಚಾಚಿದಳು.

"ಅದ್ನ ತಕಂಡೋಗಿ ನೀನೇನ್ ಮಾಡೀಯೆ? ಇಲ್ ಕೊಡು."

ಹೋದ ತಿಂಗಳು ಹನೂರಿಗೆ ಹೋಗಿದ್ದೆ, ಕೆಲಸವೇನೂ ಇರಲಿಲ್ಲ, ಸುಮ್ಮನೆ. ಬಾವುಟ ಅದೇ ಗೋಡೆಯಲ್ಲಿತ್ತು. ಹೋಟೆಲಿನ ಕರಿ ಹಲಗೆಯಲ್ಲಿ ಮುದ್ದೆ ಉಪ್ಸಾರಿನ ಕೆಳಗೆ ಯಾರೋ ಸೀಮೆಸುಣ್ಣದಲ್ಲಿ ಇನ್ನೊಂದು ಸಾಲು ಬರೆದಿದ್ದರು, 'ಚಪಾತಿ ಸಿಗುತ್ತದೆ.' ನಾನು ಹೋಗಿ ಕೂತೆ. ಸಿದ್ದಮ್ಮ ತಟ್ಟೆ ತಂದಿಟ್ಟಳು. ಚಪಾತಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಒಂದು ಅಂಚು ಹೊರಗೆ ಚಾಚಿಕೊಂಡಿತ್ತು.

"ಯಾಕವ್ವ ನಗೀಯೆ?" ಎಂದಳು. "ಈ ಬೀದೀಲಿ ಯಾರ್ಗೋ ಜ್ವರ ಬಂದಿತ್ತು, ಅದುಕ್ ಮಾಡ್ದೆ. ತಿನ್ನು."